ಕೌದಿಯ ಹೊಟ್ಟೆ

ಫೋನ್ ಬಂದಾಗ ನಾನು ಕಮಲಾಪುರದಲ್ಲಿ ಅವ್ವನ ಕಣ್ಣಿಗೆ ಔಷಧ ಹಾಕುತ್ತಿದ್ದೆ. ಪೊರೆ ತೆಗೆಸಿ ಇನ್ನೂ ವಾರ ತುಂಬಿರಲಿಲ್ಲ. ಅವ್ವನ ತಲೆ ನನ್ನ ತೊಡೆಯ ಮೇಲೆ, ಔಷಧದ ಬಾಟಲಿ ಬಲಗೈಯಲ್ಲಿ, ಫೋನು ಕಿವಿಗೂ ಹೆಗಲಿಗೂ ನಡುವೆ. ಆ ಕಡೆಯಿಂದ ನಮ್ಮ ಮನೆಯವರು ಉಂಡೆಯಾ, ಹೇಗಿದ್ದೀ ಎಂದು ಏನೂ ಕೇಳದೆ, "ಎರಡು ಹೆಣ್ಣು ಹುಡುಗ್ಯಾರು. ಅಕ್ಕ ತಂಗಿ. ನೀ ಬಂದ ಮ್ಯಾಲೆ ಇಬ್ಬರೂ ಕೂಡಿ ಬರ್ರಿ ಅಂದಾರ," ಎಂದರು. ಹನಿ ಕಣ್ಣು ತಪ್ಪಿ ಅವ್ವನ ಕೆನ್ನೆಗೆ ಬಿತ್ತು.

"ಕಣ್ಣು ಮ್ಯಾಲದ ಬೇ. ಗಲ್ಲಕ್ಕ ಆಪರೇಷನ್ ಆಗಿಲ್ಲ," ಎಂದಳು ಅವ್ವ.

ಮೊದಲಿಗೆ ನಮ್ಮ ಸಂಗತಿ ಹೇಳಿಬಿಡುತ್ತೇನೆ. ನಮ್ಮ ಮನೆಯವರು ಕಲಬುರಗಿ ಹತ್ತಿರದ ನಂದೂರಿನ ದಾಲ್ ಮಿಲ್ಲೊಂದರಲ್ಲಿ ಫಿಟ್ಟರ್ ಆಗಿದ್ದರು. ಆಫ್ರಿಕಾದ ಮಲಾವಿ ದೇಶದಲ್ಲಿಯೂ ತೊಗರಿ ಬೆಳೆಯುತ್ತಾರೆ, ಅಲ್ಲಿ ಹೊಸದಾಗಿ ಬೇಳೆ ಮಾಡುವ ಮಿಲ್ ಕೂಡಿಸುತ್ತಿದ್ದಾರೆ ಎಂದು ಕರೆ ಬಂದಾಗ ಹೋದರು. ಒಂದು ವರ್ಷದ ಮಾತು ಎಂದು ಹೋದವರು ಅಲ್ಲಿಯೇ ನಿಂತರು. ನಾನೂ ಹೋದೆ. ಎಲ್ಲಿಯ ದೇಶವೋ ಎಂದು ಹೆದರಿದ್ದೆ. ಹೋಗಿ ನೋಡಿದರೆ ಕಮಲಾಪುರದಂಥದೇ ಕೆಂಪು ಮಣ್ಣು, ಹಿತ್ತಿಲಲ್ಲಿ ಬಾಳೆ, ಬೇಲಿಗುಂಟ ತೊಗರಿ ಗಿಡ. ಇಲ್ಲಿ ಮಳೆ ಬಿದ್ದು ತೊಗರಿ ಬಿತ್ತುವ ಹೊತ್ತಿಗೆ ಅಲ್ಲಿ ಹಸಿಕಾಯಿ ಕೀಳುತ್ತಾರೆ, ಅಷ್ಟೇ ವ್ಯತ್ಯಾಸ.

ನಮಗೆ ಮಕ್ಕಳಾಗಲಿಲ್ಲ. ಕಲಬುರಗಿಯ ದವಾಖಾನೆ, ಹೈದರಾಬಾದಿನ ದವಾಖಾನೆ, ನಾವು ಅಪ್ಪ ಎನ್ನುವ ಶರಣರ ಗುಡಿಗೆ ಹೊತ್ತ ಹರಕೆ ಎಲ್ಲ ಮುಗಿದಿದ್ದವು. ಹರಕೆ ಫಲಿಸಲಿಲ್ಲ ಎಂದು ನಾನು ಹೇಳುವವಳಲ್ಲ. ನಾನು ಬೇಡಿದ್ದು ಮಕ್ಕಳನ್ನು. ಎಲ್ಲಿಂದ ಕೊಡಬೇಕು ಎಂದು ಅಪ್ಪನಿಗೆ ನಾನೇನೂ ವಿಳಾಸ ಹೇಳಿರಲಿಲ್ಲ. ಮಲಾವಿಯಲ್ಲಿ ಐದಾರು ವರ್ಷ ಕಳೆದ ಮೇಲೆ, ಅಲ್ಲಿಯೇ ಇರುವ ನಾವು ಅಲ್ಲಿಯ ಅನಾಥ ಮಕ್ಕಳನ್ನು ದತ್ತು ಪಡೆಯಬಹುದು ಎಂದು ತಿಳಿದು ಅರ್ಜಿ ಹಾಕಿದೆವು. ಮೊದಲು ಮಕ್ಕಳನ್ನು ಭೇಟಿಯಾಗುವುದು, ಆಮೇಲೆ ಮನೆಗೆ ತಂದು ಸಾಕುವುದು, ಎಲ್ಲ ಸರಿ ಇದೆ ಎನಿಸಿದರೆ ಕೋರ್ಟು ನಮ್ಮ ಮಕ್ಕಳೆಂದು ಬರೆದುಕೊಡುವುದು, ಹೀಗೆ ಕ್ರಮ. ಅಧಿಕಾರಿಗಳು ಮನೆಗೆ ಬಂದು ನಮ್ಮಿಬ್ಬರನ್ನೂ ಕೂಡಿಸಿ ಮಾತಾಡಿಸಿ ಹೋಗಿದ್ದರು. ಆಮೇಲೆ ಸುದ್ದಿಯೇ ಇಲ್ಲ. ಅವ್ವನ ಕಣ್ಣು ಮಂದವಾಗಿತ್ತು, ಬೇಸಿಗೆಯಲ್ಲಿ ನಾನು ಊರಿಗೆ ಬಂದೆ. ಬಂದಾಗಲೇ ಈ ಫೋನು.

ಸಂಜೆ ಅವರು ಮತ್ತೆ ಫೋನ್ ಮಾಡಿ ಉಳಿದದ್ದನ್ನು ಹೇಳಿದರು. ದೊಡ್ಡವಳಿಗೆ ಏಳು-ಎಂಟು ವರ್ಷ, ಸಣ್ಣವಳಿಗೆ ಮೂರು. ತಾಯಿ ತಂದೆ ಇಲ್ಲ. ಸಾಕಿದ ಅಜ್ಜಿಯೂ ತೀರಿಕೊಂಡಿದ್ದಾಳೆ. ಮಧ್ಯೆ ಒಂದು ಮನೆಯವರು ಕರೆದುಕೊಂಡು ಹೋಗಿದ್ದರಂತೆ, ಸ್ವಲ್ಪ ದಿನ ಇಟ್ಟುಕೊಂಡು ವಾಪಸ್ ತಂದು ಬಿಟ್ಟರಂತೆ. ದೊಡ್ಡವಳದು ಭಾರಿ ಹಠ, ಅವಳನ್ನು ಸುಧಾರಿಸುವುದು ಆಗಲಿಲ್ಲ ಎಂದರಂತೆ.

ಆ ವಾಪಸ್ ಎನ್ನುವ ಮಾತು ನನಗೆ ಅರಗಲೇ ಇಲ್ಲ. ಅಂಗಡಿಯಿಂದ ತಂದ ಸೀರೆ ವಾಪಸ್ ಕೊಡುತ್ತೇವೆ. ಪಾತ್ರೆ ತೂತಿದ್ದರೆ ವಾಪಸ್ ಕೊಡುತ್ತೇವೆ. ಆ ಹುಡುಗಿ ಈಗ ನಮ್ಮನ್ನು ನೋಡಿ ಏನೆಂದುಕೊಳ್ಳಬೇಕು? ಇವರು ಎಷ್ಟು ದಿನಕ್ಕೆ ಎಂದು ತಾನೇ? ಅವತ್ತಿನಿಂದ ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಲಿಂಗಪೂಜೆಗೆ ಕೂತರೂ ಕಣ್ಣು ಮುಚ್ಚಿದ ಕೂಡಲೇ ಕಾಣದ ಆ ಮುಖ ಕಾಣುತ್ತಿತ್ತು. ಮೂಗು ಹೇಗಿದೆಯೋ ಬಾಯಿ ಹೇಗಿದೆಯೋ ತಿಳಿಯದು, ಆದರೆ ನನ್ನ ಕಡೆ ನೋಡುತ್ತಿರುವುದು ಮಾತ್ರ ಗೊತ್ತಾಗುತ್ತಿತ್ತು.

ಅವ್ವ ಮಾತ್ರ ನೆಮ್ಮದಿಯಾಗಿದ್ದಳು. ಅವಳ ಕೆಲಸ ಮುಗಿಯುತ್ತ ಬಂದಿತ್ತು. ನಮ್ಮ ಕಡೆ ಮಗಳ ಚೊಚ್ಚಲು ಮಗುವಿಗೆ ತವರಿನಿಂದ ತೊಟ್ಟಿಲು, ಕುಲಾಯಿ, ಕೌದಿ ಕೊಡಬೇಕು. ಬರುವ ಮಗು ಎಷ್ಟು ದೊಡ್ಡದೋ, ತೊಟ್ಟಿಲು ಸಾಲದೆ ಹೋದರೆ? ಹಾಗಾಗಿ ನಾವು ಅರ್ಜಿ ಹಾಕಿದ ಸುದ್ದಿ ಕೇಳಿದಾಗಿನಿಂದಲೇ ದೊಡ್ಡದೊಂದು ಕೌದಿ ಹೊಲಿಯಲು ಶುರುಮಾಡಿದ್ದಳು, ಯಾರಿಗೆಂದು ಯಾರಿಗೂ ಹೇಳದೆ. ಹಳೆಯ ಸೀರೆಗಳ ಪದರ ಹಾಕಿ, ಮೇಲೆ ಬಣ್ಣದ ತುಂಡು ಇಟ್ಟು, ಅಂಚಿನಿಂದ ಒಳಗೊಳಗೆ ಸುತ್ತಿ ಬರುವ ಹೊಲಿಗೆ. ಅವಳದೇ ಸವೆದ ಇಳಕಲ್ ಸೀರೆಯ ಸೆರಗು, ನನ್ನ ಮದುವೆ ಸೀರೆಯ ತುಂಡು, ತಾಜಸುಲ್ತಾನಪುರದ ನನ್ನ ಅತ್ತಿ ಕೊಟ್ಟ ಹತ್ತಿ ಸೀರೆ ಎಲ್ಲ ಅದರಲ್ಲಿ ಸೇರಿದ್ದವು. ಕಣ್ಣು ಕಾಣದಿದ್ದರೂ ಬೆರಳಲ್ಲೇ ತಡವಿ ಹೊಲಿದಿದ್ದಳು. ಕೆಲವು ಕಡೆ ಸಾಲು ಸೊಟ್ಟಗಿದ್ದವು. ಕಣ್ಣು ಬಂದ ಮೇಲೆ ಅದನ್ನು ನೋಡಿ, ಬಿಚ್ಚಿ ಹೊಲಿಯುತ್ತೇನೆ ಎಂದು ಕೂತಿದ್ದಳು. ಬೇಡವೇ ಬೇಡ ಎಂದು ನಾನೇ ಕಸಿದುಕೊಂಡೆ.

ಕೌದಿ ಹೊಲಿದು ಹೊಲಿದು ಕೊನೆಗೆ ನಟ್ಟನಡುವೆ ಅಂಗೈಯಗಲದ ಜಾಗ ಉಳಿಯುತ್ತದೆ. ಅದನ್ನು ಖಾಲಿ ಮುಚ್ಚುವಂತಿಲ್ಲ. ಒಂದು ಚೂರು ಜೋಳದ ರೊಟ್ಟಿ, ಬೆರಳುದ್ದ ಬೆಲ್ಲ, ನಾಲ್ಕು ಕಾಳು ಇಟ್ಟು ಮೇಲೆ ತುಂಡು ಮುಚ್ಚಿ ಹೊಲಿಯಬೇಕು. ಅದು ಕೌದಿಯ ಹೊಟ್ಟೆ. ಹಸಿದ ಕೌದಿ ಹೊದ್ದುಕೊಂಡರೆ ಮಕ್ಕಳಿಗೆ ನಿದ್ದೆ ಬರುವುದಿಲ್ಲ ಎಂದು ಅವ್ವನ ನಂಬಿಕೆ, ಅವ್ವನ ಅವ್ವನದೂ ಅದೇ. ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು, ಬಗ್ಗಬೇಡ ಎಂದು ಡಾಕ್ಟರು ಹೇಳಿದ್ದನ್ನು ಬದಿಗಿಟ್ಟು, ಅವ್ವ ತನ್ನ ಕೈಯಿಂದಲೇ ಆ ರೊಟ್ಟಿ ಚೂರನ್ನು ಇಟ್ಟಳು. ನಾನು ಹೊಲಿದೆ. "ಮೊದಲನೇ ದಿನಾನೇ ಹೊದಿಸಬೇಕು, ತಿಳೀತಿಲ್ಲೋ? ಪೆಟ್ಟಿಗ್ಯಾಗ ಇಟ್ಟು ಮರೀಬ್ಯಾಡ," ಎಂದು ಮಾತು ತೆಗೆದುಕೊಂಡಳು.

ಕಲಬುರಗಿಗೆ ಬಂದೆ. ಐವಾನ್-ಎ-ಶಾಹಿ ಕಡೆ ನಮ್ಮದೊಂದು ಸಣ್ಣ ಬಾಡಿಗೆ ಮನೆ, ಬೀಗ ಹಾಕಿದ್ದು ಹಾಗೆಯೇ ಇತ್ತು. ಪೆಟ್ಟಿಗೆ ತುಂಬುವುದು, ಮತ್ತೆ ಎಲ್ಲ ಹೊರಗೆ ತೆಗೆಯುವುದು, ಮತ್ತೆ ತುಂಬುವುದು, ಇದೇ ನನ್ನ ಕೆಲಸವಾಯಿತು. ಬಜಾರಿಗೆ ಹೋಗಿ ಫ್ರಾಕ್ ಕೇಳಿದೆ. ಎಷ್ಟು ಎತ್ತರ ಎಂದು ಅಂಗಡಿಯವನು ಕೇಳಿದಾಗ ಕೈಯನ್ನು ಸೊಂಟದ ಹತ್ತಿರ ಹಿಡಿದೆ, ಆಮೇಲೆ ಎದೆಯ ಹತ್ತಿರ ಒಯ್ದೆ. ನಿಮ್ಮ ಮಕ್ಕಳೇನು ಎಂದ. ಹೌದು ಎಂದೆ. ಎಷ್ಟನೇ ಕ್ಲಾಸು ಎಂದ. ಗೊತ್ತಿಲ್ಲ ಎಂದೆ. ಅವನು ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡು, "ಅಕ್ಕಾರ, ನೀವು ಮೊದಲು ಮನಿಗೆ ಹೋಗಿ ಹುಡುಗೀನ ನೋಡಿಕೊಂಡು ಬರ್ರಿ," ಎಂದ. ಅದಕ್ಕೇ ಹೋಗುತ್ತಿದ್ದೇನೆ ಎಂದು ಅವನಿಗೆ ಹೇಗೆ ಹೇಳುವುದು? ಮೂರು ಅಳತೆಯಲ್ಲಿ ತಂದೆ.

ಅತ್ತಿ ತಾಜಸುಲ್ತಾನಪುರದಿಂದ ಬಂದು ಇದ್ದರು. ಕೇಳಬೇಕು ಕೇಳಬಾರದು ಎಂದು ಒದ್ದಾಡಿ, ಕೊನೆಗೆ ಬೆಳ್ಳುಳ್ಳಿ ಸುಲಿಯುತ್ತ ಕೇಳಿದರು.

"ಮಕ್ಕಳು ಭಾಳ ಕರ್ರಗ ಇರ್ತಾವೇನು?"

"ನಿಮ್ಮ ಮಗ ಏನು ಹಾಲಿನ್ಯಾಗ ತೊಳದಂಗ ಅದಾರೇನ್ರಿ ಅತ್ತಿ?"

ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಕ್ಕು ಮುಗಿಸಿ, ಸಿಪ್ಪೆ ಊದಿ, ಅವರ ಮನಸ್ಸಿನಲ್ಲಿ ನಿಜವಾಗಿ ಇದ್ದದ್ದನ್ನು ಹೇಳಿದರು. "ನಾವು ಬ್ಯಾಡಂದ್ರ ಅವು ವಾಪಸ್ ಹೋಗ್ತಾವು. ಅವು ನಮ್ಮನ್ನ ಒಲ್ಲೆ ಅಂದ್ರ ನೀ ಎಲ್ಲಿಗಿ ಹೋಗ್ತಿ?"

ಅತ್ತಿ ಜಗಳಕ್ಕೆ ಹೇಳಿದ್ದಲ್ಲ. ಮೂರು ಸಲ ದವಾಖಾನೆಯಿಂದ ಖಾಲಿ ಕೈಯಲ್ಲಿ ಬಂದಾಗ ನನಗೆ ಎಣ್ಣೆ ಹಚ್ಚಿ ನೀರು ಹಾಕಿದವರು ಅವರು. ಆದರೂ ಆ ಮಾತು ಕೇಳಿದ ಮೇಲೆ ಬೆಳಿಗ್ಗೆ ಎದ್ದು ಅಪ್ಪನ ಗುಡಿಗೆ ನಡೆದುಕೊಂಡೇ ಹೋದೆ. ಮಕ್ಕಳನ್ನು ಕೊಡು ಎಂದು ಈ ಸಲ ಬೇಡಲಿಲ್ಲ. ಆ ಹುಡುಗಿ ನಮ್ಮನ್ನು ಬೇಡ ಎನ್ನದಿರಲಿ ಎಂದೆ. ಪಕ್ಕದ ಮನೆಯ ಆಪಾ ದರ್ಗಾಕ್ಕೆ ಹೋಗಿ ಬಂದು ತಾನೂ ಬೇಡಿಕೊಂಡೆ ಎಂದಳು. ತನ್ನ ಹಸಿರು ಓಢಣಿಯ ತುಂಡೊಂದನ್ನು ತಂದು, ಕೌದಿಯಲ್ಲಿ ಎಲ್ಲಾದರೂ ಹಚ್ಚು ಎಂದಳು. ಹಚ್ಚಲು ಜಾಗ ಇದ್ದದ್ದು ನಡುವೆ ಮಾತ್ರ. ಹೊಟ್ಟೆಯ ಮೇಲೆಯೇ ಹಚ್ಚಿದೆ.

ಅವ್ವ ಕೊಟ್ಟ ಕೆಂಪು ಬಾಳೆಹಣ್ಣಿನ ಗೊನೆ ವಿಮಾನದಲ್ಲಿ ಒಯ್ಯುವಂತಿರಲಿಲ್ಲ. ಹೈದರಾಬಾದಿನವರೆಗೆ ಬಸ್ಸಿನಲ್ಲಿ ಕೂತವರಿಗೆಲ್ಲ ಹಂಚಿದೆ. ಹಣ್ಣಿನ ವಿಷಯದಲ್ಲಿ ಇಷ್ಟು ತಿಳಿದ ನನಗೆ ಕೌದಿಯೊಳಗಿನ ರೊಟ್ಟಿ ನೆನಪಿಗೇ ಬರಲಿಲ್ಲ. ಅದು ನನ್ನ ಲೆಕ್ಕದಲ್ಲಿ ತಿನ್ನುವ ಪದಾರ್ಥವೇ ಆಗಿರಲಿಲ್ಲ, ಕೌದಿಯ ಅಂಗವಾಗಿತ್ತು.

ಮಲಾವಿಯಲ್ಲಿ ಇಳಿದು ಸಾಮಾನು ಯಂತ್ರದೊಳಗೆ ಬಿಟ್ಟಾಗ ನಿಲ್ಲಿಸಿದರು. ಸಮವಸ್ತ್ರದ ಹೆಂಗಸೊಬ್ಬಳು ಕೌದಿ ಹರವಿ, ನಡುವಿನ ಗಟ್ಟಿ ಗಂಟನ್ನು ಒತ್ತಿ ನೋಡಿ, ಇದೇನು ಎಂದಳು. ನನಗೆ ಬರುವ ನಾಲ್ಕು ಇಂಗ್ಲಿಷ್ ಮಾತು, ಅವರ ಭಾಷೆಯ ಹತ್ತು ಮಾತು ಎಲ್ಲ ಕೂಡಿಸಿ, ಹೊದಿಕೆಗೆ ಊಟ ಎಂದೆ. ಅವಳು ಮತ್ತೊಬ್ಬಳನ್ನು ಕರೆದಳು. ಇಬ್ಬರಿಗೂ ಅದನ್ನೇ ಹೇಳಿದೆ. ಗಾಜಿನ ಆ ಕಡೆ ನಮ್ಮ ಮನೆಯವರು ನಿಂತು ಏನಾಯಿತು ಎಂದು ಕೈ ಮಾಡುತ್ತಿದ್ದರು. ಇಲ್ಲೇ ತಡೆದು ಬಿಟ್ಟರೆ, ನಾಳೆ ಹೋಗದಿದ್ದರೆ, ಬರುತ್ತೇವೆ ಎಂದವರು ಬರಲಿಲ್ಲ ಎಂದು ಆ ಹುಡುಗಿ ತಿಳಿದರೆ?

ಅವಳು ಸಣ್ಣ ಕತ್ತರಿಯಿಂದ ಹಸಿರು ತುಂಡಿನ ಜೊತೆಗೆ ಅದರ ಕೆಳಗಿನ ತುಂಡಿನದೂ ಒಂದು ಬದಿ ಬಿಚ್ಚಿ, ರೊಟ್ಟಿ, ಬೆಲ್ಲ, ಜೋಳದ ಕಾಳು ಹೊರಗೆ ತೆಗೆದಳು. ಕಾಳು ದೇಶದೊಳಗೆ ತರುವಂತಿಲ್ಲ ಎಂದು ವಿವರಿಸಿ ಎಲ್ಲ ಒಂದು ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಕೌದಿಯನ್ನು ನನಗಿಂತ ಚೆಂದ ಮಡಚಿ ಕೈಗೆ ಕೊಟ್ಟು, ನಿಮ್ಮ ಹೊದಿಕೆಗೆ ಮನೆಗೆ ಹೋಗಿ ಬೇಗ ಉಣ್ಣಲು ಹಾಕಿ ಎಂದಳು. ಬಟ್ಟೆ ಕತ್ತರಿಸಲಿಲ್ಲ, ದಾರವನ್ನಷ್ಟೇ ಬಿಚ್ಚಿದಳು. ಅದೊಂದು ದಯೆ ಎಂದು ಆಗಲೇ ಎಣಿಸಿಟ್ಟುಕೊಂಡೆ. ಆದರೆ ಅವ್ವ ತುಂಬಿದ ಹೊಟ್ಟೆ ಖಾಲಿಯಾಗಿತ್ತು. ಅಪಶಕುನ ಎನಿಸಿತು. ಹೊದಿಕೆಗೆ ಊಟ ಎಂದದ್ದನ್ನು ಕೇಳಿ ನಮ್ಮ ಮನೆಯವರು ಕಾರಿನಲ್ಲಿ ನಗುತ್ತಲೇ ಇದ್ದರು.

ಮರುದಿನ ಬೆಳಿಗ್ಗೆ ಮಕ್ಕಳಿದ್ದ ಅನಾಥಾಲಯಕ್ಕೆ ಹೋದೆವು. ಊರ ಹೊರಗೆ ದಿನ್ನೆಯ ಮೇಲೆ ಉದ್ದನೆಯ ಕಟ್ಟಡ, ಮುಂದೆ ಪಡಸಾಲೆ. ಅಲ್ಲಿಯ ಮೇಲ್ವಿಚಾರಕಿ ನಮ್ಮನ್ನು ಗೇಟಿನಲ್ಲೇ ನಿಲ್ಲಿಸಿ ತಿಳಿಸಿ ಹೇಳಿದರು. ಮೊದಲ ದಿನ ಎತ್ತಿಕೊಳ್ಳಬಾರದು, ಅಪ್ಪಿಕೊಳ್ಳಬಾರದು, ಅಳಬಾರದು. ಆಟಿಕೆ, ಮಿಠಾಯಿ ಕೊಡಬಾರದು. ಸುಮ್ಮನೆ ಕೂತು ಹೋಗಬೇಕು. ಕೌದಿಗೂ ಅವತ್ತು ಅಪ್ಪಣೆ ಇಲ್ಲ. ಅವ್ವನಿಗೆ ಕೊಟ್ಟ ಮಾತು ಅಲ್ಲಿಗೇ ಮುರಿಯಿತು. ಸುಮ್ಮನೆ ಕೂಡುವುದೊಂದು ನನ್ನಿಂದ ಆಗದ ಕೆಲಸ ಎಂದು ಅವರಿಗೆ ಯಾರು ಹೇಳಬೇಕು?

ಪಡಸಾಲೆಯಲ್ಲಿ ಏಳೆಂಟು ಮಕ್ಕಳು ಹಸಿ ತೊಗರಿಕಾಯಿ ಸುಲಿಯುತ್ತ ಕೂತಿದ್ದರು. ಯಾರು ನಮ್ಮವರು ಎಂದು ಕೇಳಬೇಕಾಗಲಿಲ್ಲ. ಒಬ್ಬಳು ಮಾತ್ರ ಕೂತಿರಲಿಲ್ಲ, ನಿಂತೇ ಸುಲಿಯುತ್ತಿದ್ದಳು, ಬೆನ್ನಿಗೆ ಬಟ್ಟೆಯಲ್ಲಿ ತಂಗಿಯನ್ನು ಕಟ್ಟಿಕೊಂಡು. ಸಣಕಲು ಕಾಲು, ಬೋಳಿಸಿದ ತಲೆ, ಹಣೆಯ ಮೇಲೆ ಹಳೆಯ ಗಾಯದ ಗುರುತು. ನನ್ನ ಮೂರು ಅಳತೆಯಲ್ಲಿ ಎಲ್ಲಕ್ಕಿಂತ ಸಣ್ಣದು ಇವಳಿಗೆ. ಸಣ್ಣವಳು ಅಕ್ಕನ ಹೆಗಲ ಮೇಲಿಂದ ಇಣುಕಿ ನಮ್ಮ ಮನೆಯವರ ಮೀಸೆ ನೋಡಿ ಮುಖ ಮುಚ್ಚಿಕೊಂಡಿತು.

ಮೇಲ್ವಿಚಾರಕಿ ನಮ್ಮನ್ನು ತೋರಿಸಿ ಏನೋ ಹೇಳಿದರು. ಹುಡುಗಿ ಕಣ್ಣೆತ್ತದೆ ಮಂಡಿ ಬಾಗಿಸಿ ನನಗೆ "ಅಮಾಯಿ" ಎಂದಳು. ಅದು ಅವರ ಭಾಷೆಯಲ್ಲಿ ತಾಯಿ ಎಂದೇ. ಆದರೆ ಅಲ್ಲಿ ಸಂತೆಯಲ್ಲಿ ಟೊಮೆಟೊ ಮಾರುವವಳೂ ನನಗೆ ಅಮಾಯಿ ಎನ್ನುತ್ತಾಳೆ, ನಮ್ಮಲ್ಲಿ ಯಾರಿಗಾದರೂ ಯವ್ವಾ ಎಂದ ಹಾಗೆ. ಅದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಹಿಡಿಯಬೇಕೆಂದು ಆಸೆ ಇತ್ತು, ಹಿಡಿಯಲಿಲ್ಲ.

ನಾನು ಕೆಳಗೆ ಕೂತೆ. ಎರಡು ನಿಮಿಷ ಕೈ ಕಟ್ಟಿಕೊಂಡು ಕೂತೆ. ಆಮೇಲೆ ಕೈ ತಡೆಯಲಿಲ್ಲ, ಬುಟ್ಟಿಯಿಂದ ಒಂದು ಹಿಡಿ ಕಾಯಿ ತೆಗೆದುಕೊಂಡು ಸುಲಿಯತೊಡಗಿದೆ. ತೊಗರಿಕಾಯಿ ಸುಲಿಯುವುದು ನಾನು ಇಷ್ಟಿದ್ದಾಗಿನಿಂದ ಮಾಡಿದ ಕೆಲಸ. ನನ್ನ ಮನಸ್ಸು ಎಲ್ಲೆಲ್ಲೋ ಓಡುತ್ತಿತ್ತು, ಬೆರಳು ತಮ್ಮಷ್ಟಕ್ಕೆ ನಡೆದಿದ್ದವು. ಸ್ವಲ್ಪ ಹೊತ್ತಾದ ಮೇಲೆ ನನ್ನ ಮುಂದೆ ಕಾಯಿ ಮುಗಿದವು. ಆಗ ಮೇಲಿನಿಂದ ಒಂದು ಸಣ್ಣ ಕೈ ಬಂದು ಇನ್ನೊಂದು ಹಿಡಿ ಕಾಯಿ ನನ್ನ ಮಡಿಲಲ್ಲಿ ಹಾಕಿತು. ತಲೆ ಎತ್ತಿದರೆ ಅವಳು ಆಗಲೇ ಬೇರೆ ಕಡೆ ನೋಡುತ್ತಿದ್ದಾಳೆ. ಮುಗಿದಾಗ ಇನ್ನೊಂದು ಹಿಡಿ. ಕೆಲಸ ಹೇಳುವ ಅತ್ತೆಯ ಹಾಗೆ.

ಅವತ್ತು ನಡೆದದ್ದು ಇಷ್ಟೇ. ಬರುವಾಗ ಮೇಲ್ವಿಚಾರಕಿ ಇವರಿಗೆ ಮೆಲ್ಲಗೆ ಹೇಳಿದರು: ಆ ಹುಡುಗಿ ತಂಗಿ ತಿನ್ನದೆ ತಿನ್ನುವುದಿಲ್ಲ, ತನಗೆ ಕೊಟ್ಟದ್ದರಲ್ಲಿ ಅರ್ಧ ಎತ್ತಿಡುತ್ತಾಳೆ, ಬಚ್ಚಿಡುತ್ತಾಳೆ. ಹಿಂದಿನ ಮನೆಯವರಿಗೆ ಬೇಸರವಾದದ್ದು ಅದಕ್ಕೇ. ಹಾಸಿಗೆಯಲ್ಲಿ, ಬೂಟಿನಲ್ಲಿ, ಎಲ್ಲೆಂದರಲ್ಲಿ ಅನ್ನ, ಇರುವೆ, ವಾಸನೆ. ಕಳ್ಳಿ ಎಂದರಂತೆ.

ಹೀಗೆ ಹೋಗಿ ಬಂದು ಕೆಲವು ವಾರ ಕಳೆದ ಮೇಲೆ ಮಕ್ಕಳನ್ನು ಮನೆಗೆ ಕಳಿಸಿದರು. ಕೌದಿ ಹೊದಿಸಿದೆ. ರೊಟ್ಟಿ ಇಟ್ಟು ಹೊಲಿಯಬೇಕು ಎಂದು ದಾರ ತೆಗೆದಿಟ್ಟಿದ್ದೆ. ಮಕ್ಕಳ ಗದ್ದಲದಲ್ಲಿ ಇವತ್ತು ನಾಳೆ ಎಂದು ಹಾಗೆಯೇ ಉಳಿಯಿತು. ದೊಡ್ಡವಳು ಮನೆಯಲ್ಲಿ ಅತಿಥಿಯ ಹಾಗೆ ಇದ್ದಳು. ಕೇಳದೆ ನೀರು ಕುಡಿಯುವುದಿಲ್ಲ. ತಟ್ಟೆ ತಾನೇ ತೊಳೆದಿಡುತ್ತಾಳೆ. ಚಪ್ಪಲಿ ಬಾಗಿಲಲ್ಲಿ ಹೊರಗಡೆ ಮುಖ ಮಾಡಿ ಜೋಡಿಸಿಡುತ್ತಾಳೆ, ತನ್ನದೂ ತಂಗಿಯದೂ. ಹಠ ಎಲ್ಲಿದೆ? ಹಠ ಮಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಒಂದು ದಿನ ಬಿಸಿಲು ಚೆನ್ನಾಗಿದೆ ಎಂದು ಕೌದಿಯನ್ನು ಹಗ್ಗಕ್ಕೆ ಹಾಕಿ ಕೋಲಿನಿಂದ ಬಡಿದೆ. ಹಸಿರು ತುಂಡಿನ ಬಿಚ್ಚಿದ ಬಾಯಿಯಿಂದ ಒಣಗಿದ ಮೆಕ್ಕೆಜೋಳದ ಮುದ್ದೆಯ ಚೂರು, ಬೇಯಿಸಿದ ತೊಗರಿಕಾಳು, ಕರ್ರಗಾದ ಅರ್ಧ ಬಾಳೆಹಣ್ಣು, ಇರುವೆಗಳ ಸಮೇತ ನೆಲಕ್ಕೆ ಬಿದ್ದವು. ಕೋಲು ಕೈಯಲ್ಲಿ ಹಿಡಿದೇ ತಿರುಗಿದೆ. ಬಾಗಿಲಲ್ಲಿ ದೊಡ್ಡವಳು ನಿಂತಿದ್ದಳು.

ಅವಳು ಒಳಗೆ ಹೋದಳು, ತಂಗಿಯನ್ನು ಬೆನ್ನಿಗೆ ಕಟ್ಟಿಕೊಂಡು ಬಂದಳು, ಚಪ್ಪಲಿ ಮೆಟ್ಟಿದಳು, ಗೇಟಿನ ಹತ್ತಿರ ಹೋಗಿ ನಿಂತಳು. ಗೇಟು ತೆರೆಯಲಿಲ್ಲ. ಓಡಿಹೋಗುವವರು ಹಾಗೆ ನಿಲ್ಲುವುದಿಲ್ಲ. ಇನ್ನು ಕರೆದುಕೊಂಡು ಹೋಗಿ ಬಿಟ್ಟುಬಿಡಿ ಎಂದು ಕಾಯುವವರು ನಿಲ್ಲುವ ರೀತಿ ಅದು.

ನನ್ನ ಕೈಯಲ್ಲಿ ಕೋಲು ಇದೆ ಎನ್ನುವುದು ಆಗ ಅರಿವಾಗಿ ಕೆಳಗೆ ಬಿಸಾಕಿದೆ. ಏನು ಹೇಳಬೇಕು, ಯಾವ ಭಾಷೆಯಲ್ಲಿ? ಶಿವನೇ ಒಂದು ಮಾತು ಕೊಡು ಎಂದೆ. ಮಾತು ಕೊಡಲಿಲ್ಲ, ಅವ್ವನ ನೆನಪು ಕೊಟ್ಟ. ಅಡಿಗೆಮನೆಗೆ ಹೋಗಿ ಬೆಳಿಗ್ಗೆ ತಟ್ಟಿದ ರೊಟ್ಟಿಯಲ್ಲಿ ಒಂದು ಚೂರು ಮುರಿದು ಬೆಲ್ಲ ಇಟ್ಟುಕೊಂಡು ಬಂದೆ. ಅವಳು ನೋಡುತ್ತಿರುವ ಹಾಗೆಯೇ ಇರುವೆ ಝಾಡಿಸಿ, ಕೌದಿಯ ಬಾಯಿ ಅಗಲಿಸಿ ರೊಟ್ಟಿಯನ್ನು ಒಳಗಿಟ್ಟೆ. ಹೊಟ್ಟೆ ತಟ್ಟಿದೆ, ಕೌದಿಯದೂ ನನ್ನದೂ. ಕೌದಿ ಒಯ್ದು ಅವಳ ಹಾಸಿಗೆಯ ಮೇಲೆ ಹಾಕಿ, ನಾನು ಒಲೆಯ ಮುಂದೆ ಹೋಗಿ ಕೂತೆ. ಹಿಂದಿರುಗಿ ನೋಡಲಿಲ್ಲ. ನೋಡದೆ ಕೂತದ್ದು ಇಷ್ಟು ದಿನದಲ್ಲಿ ನಾನು ಮಾಡಿದ ಎಲ್ಲಕ್ಕಿಂತ ಕಷ್ಟದ ಕೆಲಸ. ಸಾರು ಕುದಿದು ಆರಿತು. ಆಮೇಲೆ ಚಪ್ಪಲಿ ಬಿಟ್ಟ ಸಪ್ಪಳ ಕೇಳಿತು.

ಅಂದಿನಿಂದ ದಿನಾ ಬೆಳಿಗ್ಗೆ ಹಳೆಯ ಚೂರು ತೆಗೆದು ಹೊಸದು ಇಡುವುದು ನನ್ನ ಪೂಜೆಯ ಜೊತೆ ಸೇರಿಹೋಯಿತು. ಮುಚ್ಚಿ ಹೊಲಿದುಬಿಡು ಎಂದು ಇವರು ಹೇಳಿದರೆ ನಾನು ಒಪ್ಪಲಿಲ್ಲ. "ಹಂಗಾರ ಕೌದಿಗೂ ಒಂದು ತಾಟು ತಂದಿಡು, ನನ್ನ ಬಾಜೂಕ ಕೂತು ಉಣ್ಣಲಿ," ಎಂದರು. ಹೀಗೆಂದವರೇ ಮಿಲ್ಲಿನಿಂದ ಬರುವಾಗ ಹುರಿದ ಶೇಂಗಾ ತಂದು, ಯಾರೂ ನೋಡಲಿಲ್ಲ ಎಂದುಕೊಂಡು, ಅದರೊಳಗೆ ಹಾಕುತ್ತಿದ್ದರು.

ಇನ್ನೊಂದು ಮಾತು. ನಾನು ಬೆಳಿಗ್ಗೆ ಕೊರಳಿನ ಬೆಳ್ಳಿ ಕರಡಿಗೆ ತೆರೆದು ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಳ್ಳುವುದನ್ನು ದೊಡ್ಡವಳು ಕಂಬದ ಮರೆಯಿಂದ ನೋಡುತ್ತಿದ್ದಳು. ಒಂದು ದಿನ ಹತ್ತಿರ ಬಂದು, ನೀನು ಅದರಲ್ಲಿ ಏನು ಬಚ್ಚಿಟ್ಟಿದ್ದೀ ಎಂದು ಕೇಳಿದಳು. ಅವಳಾಗಿಯೇ ನನಗೆ ಕೇಳಿದ ಮೊದಲ ಪ್ರಶ್ನೆ ಅದು. ತೋರಿಸಿದೆ. ಮೂಸಿ ನೋಡಿದಳು. ತಿನ್ನುವುದಲ್ಲ ಎಂದು ತಿಳಿದು ನಿರಾಶೆಯಾಯಿತೇನೋ. ಆದರೆ ನಾನೂ ಒಂದು ವಸ್ತುವನ್ನು ಯಾವಾಗಲೂ ಮೈಮೇಲೆ ಇಟ್ಟುಕೊಂಡೇ ಇರುವವಳು, ಬಿಟ್ಟು ಇರಲಾರದವಳು ಎಂದು ಅವಳಿಗೆ ಅರ್ಥವಾಯಿತು ಎಂದು ನನ್ನ ತಿಳುವಳಿಕೆ. ಅವತ್ತಿನಿಂದ ಚಪ್ಪಲಿ ಹೇಗೆಂದರೆ ಹಾಗೆ ಬಿಸಾಕತೊಡಗಿದಳು. ಬೈದೆ. ಬೈದದ್ದಕ್ಕೆ ನನಗೇ ಸಂತೋಷವಾಯಿತು.

ಮರುವರ್ಷ, ಮಕ್ಕಳಿಗೆ ನಮ್ಮ ಮಾತು ಬರತೊಡಗಿದ ಮೇಲೆ, ಕೋರ್ಟಿನ ಆದೇಶ ಬಂದು, ಇವರಿಗೆ ನಂದೂರಿನಲ್ಲೇ ಮತ್ತೆ ಕೆಲಸ ಸಿಕ್ಕು, ನಾವು ನಾಲ್ವರೂ ಊರಿಗೆ ಮರಳುವಾಗ ಇಲ್ಲಿ ಚಳಿ ಶುರುವಾಗಿತ್ತು. ಕಲಬುರಗಿಯಲ್ಲಿ ಅತ್ತಿ ಬಾಗಿಲಲ್ಲೇ ನಿವಾಳಿಸಿ, ಮಕ್ಕಳ ಮುಖ ಹಿಡಿದು ನೋಡಿ, "ನನ್ನ ಮಗನ ಬಣ್ಣಾನೇ ಬಂದದ," ಎಂದರು. ಮರುದಿನ ಕಮಲಾಪುರಕ್ಕೆ ಹೋದೆವು. ಅವ್ವನ ಎರಡೂ ಕಣ್ಣು ಈಗ ಚೆನ್ನಾಗಿವೆ. ಅದೊಂದು ದಯೆ, ಆದರೆ ಅವಳ ಕಣ್ಣಿಗೆ ಈಗ ಏನೂ ತಪ್ಪುವುದಿಲ್ಲ. ಮೊಮ್ಮಕ್ಕಳಿಗೆ ಕೆಂಪು ಬಾಳೆಹಣ್ಣು ಕೊಟ್ಟು, ಕೌದಿ ಬಿಚ್ಚಿ ಹರವಿ ಕೂತಳು.

"ಹೊಟ್ಟಿ ಹೊಲಿಗಿ ಯಾರು ಬಿಚ್ಚಿದ್ರು?"

ವಿಮಾನ ನಿಲ್ದಾಣದ ಸಂಗತಿ ಹೇಳಿದೆ. ಅವಳು ಸೂಜಿ ತಾ ಎಂದಳು. ಬೇಡ, ಈಗಲೇ ಬೇಡ ಎಂದು ನಾನು ಕೌದಿಯ ತುದಿ ಹಿಡಿದೆ. ಯಾಕೆಂದು ಅವ್ವನಿಗೆ ವಿವರಿಸೋಣವೆಂದರೆ ದೊಡ್ಡವಳು ಅಲ್ಲಿಯೇ ಇದ್ದಾಳೆ. ಅಷ್ಟರಲ್ಲಿ ಅವಳೇ ಬಾಳೆಹಣ್ಣಿನ ಸಿಪ್ಪೆ ಬದಿಗಿಟ್ಟು, "ಅಜ್ಜಿ, ತಡಿ," ಎಂದು ಬಂದು ಕೌದಿಯ ಬಾಯಿಯೊಳಗೆ ಕೈ ಹಾಕಿದಳು.

ಖಾಲಿ ಇತ್ತು. ಪ್ರಯಾಣದ ಗಡಿಬಿಡಿಯಲ್ಲಿ ನಾನು ಇಟ್ಟಿರಲಿಲ್ಲ. ಎಂದಿನಿಂದ ಇಟ್ಟಿಲ್ಲ? ಹೊರಡುವ ಮುಂಚಿನ ದಿನವೋ, ಅದಕ್ಕೂ ಮುಂಚೆಯೋ? ನನಗೇ ನೆನಪಿಲ್ಲ. ಅವಳ ಮುಖ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಖಾಲಿ ಡಬ್ಬಿಯಲ್ಲಿ ಕೈ ಹಾಕಿದವರ ಮುಖದಲ್ಲಿ ಇರುವಷ್ಟು ನಿರಾಶೆಯೂ ಇರಲಿಲ್ಲ. ಅಂದರೆ ಅವಳೂ ನೋಡಿರಲಿಲ್ಲ, ಎಷ್ಟು ದಿನದಿಂದಲೋ.

"ಖಾಲಿ ಹೊಲಿಬಾರದವಾ. ರೊಟ್ಟಿ ತಾ ಹೋಗು," ಎಂದಳು ಅವ್ವ, ಸೂಜಿಗೆ ತಾನೇ ದಾರ ಪೋಣಿಸುತ್ತ.

ಹುಡುಗಿ ಬುಟ್ಟಿಯಿಂದ ಒಂದು ರೊಟ್ಟಿ ತಂದಳು. ಒಂದು ಚೂರು ಮುರಿದು ತಂಗಿಯ ಬಾಯಿಗೆ ಇಟ್ಟಳು. ಒಂದು ಚೂರು ಕೌದಿಯೊಳಗೆ ಹಾಕಿದಳು. ಉಳಿದ ದೊಡ್ಡ ಭಾಗ ಕೈಯಲ್ಲಿತ್ತು. ನಾನು ಆ ಕೈಯನ್ನೇ ನೋಡುತ್ತಿದ್ದೆ, ಅರ್ಧ ಮುರಿದು ಲಂಗದ ನೆರಿಗೆಗೆ ಸಿಕ್ಕಿಸುತ್ತಾಳೆ ಎಂದು. ಅವಳು ಅಜ್ಜಿಯ ಎದುರು ಕಾಲು ಚಾಚಿ ಕೂತು, ಗೋಡೆಗೆ ಒರಗಿ, ಸೂಜಿ ಮೇಲೆ ಕೆಳಗೆ ಆಡುವುದನ್ನು ನೋಡುತ್ತ ಪೂರ್ತಿ ತಿಂದಳು. ಕೈಗಂಟಿದ ಪುಡಿಯನ್ನೂ ನೆಕ್ಕಿದಳು. ನಾನು ಎದ್ದು ಹಿತ್ತಿಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದೆ.

ಬಂದಾಗ ಹೊಲಿಗೆ ಮುಗಿಯುತ್ತ ಬಂದಿತ್ತು. ಹುಡುಗಿ ಮುಂದೆ ಬಾಗಿ ಕೊನೆಯ ಜಾಗದಲ್ಲಿ ತನ್ನ ತೋರುಬೆರಳು ಇಟ್ಟಿದ್ದಳು.

"ಇಷ್ಟು ಬಿಡು."

"ಯಾಕವಾ?"

"ಬಿಡು ಅಜ್ಜಿ."

ಒಂದು ಹೊಲಿಗೆಯನ್ನೂ ಅರ್ಧಕ್ಕೆ ಬಿಟ್ಟವಳಲ್ಲ ನಮ್ಮವ್ವ. ನನ್ನ ಕಡೆ ನೋಡಿದಳು, ಹುಡುಗಿಯ ಕಡೆ ನೋಡಿದಳು, ಅಲ್ಲಿಗೇ ಗಂಟು ಹಾಕಿ ದಾರ ಕಡಿದಳು.

ಈಗ ಮಕ್ಕಳು ಕಲಬುರಗಿಯಲ್ಲೇ ಶಾಲೆಗೆ ಹೋಗುತ್ತಾರೆ. ಅವರು ಹೋದ ಮೇಲೆ ಹಾಸಿಗೆ ಮಡಚುವಾಗ ಆ ಸಂದಿಯಲ್ಲಿ ನಾನು ಬೆರಳು ಹಾಕಿ ನೋಡುತ್ತೇನೆ. ದೊಡ್ಡವಳು ಬಿಟ್ಟ ಚಾಳಿ ನನಗೆ ಅಂಟಿದೆ ಎಂದು ಇವರು ನಗುತ್ತಾರೆ. ನಗಲಿ. ಅವ್ವನ ಎದುರು ಇಟ್ಟ ರೊಟ್ಟಿ ಕಲ್ಲಿನ ಹಾಗೆ ಆಗಿದೆ, ಬೆರಳಿಗೆ ಅದೊಂದೇ ತಗಲುತ್ತದೆ. ಮೊನ್ನೆ ಮಾತ್ರ ಒಂದು ತೊಗರಿಕಾಳು ಸಿಕ್ಕಿತು. ಅವಳು ಹಾಕಿದ್ದೋ, ಸಣ್ಣವಳು ಆಟಕ್ಕೆ ತುರುಕಿದ್ದೋ ತಿಳಿಯಲಿಲ್ಲ. ಕೇಳಬೇಕೆಂದು ಸಂಜೆಯವರೆಗೆ ಒದ್ದಾಡಿದೆ, ಕೊನೆಗೆ ಕೇಳಲಿಲ್ಲ. ಕಾಳನ್ನು ಮತ್ತೆ ಅಲ್ಲಿಯೇ ಹಾಕಿ, ಕೌದಿ ಮಡಚಿಟ್ಟೆ.